ಎಸ್‌ಎಟಿ ಮತ್ತೆ ಬರೆಸಬೇಕಾ? ಸ್ಕಾಲರ್‌ಶಿಪ್ ಲೆಕ್ಕ ಹಾಕಿ ನಿರ್ಧರಿಸುವ ಬಗೆ

"ಮಗಳಿಗೆ 1410 ಬಂದಿದೆ. ಇನ್ನೊಂದು ಸಲ ಬರೆಸೋಣ ಅಂತೀರಾ?" ಅಮೆರಿಕದ ಕಾಲೇಜು ಸೇರಲು ಬರೆಯುವ, 1600 ಅಂಕದ ಎಸ್‌ಎಟಿ ಪರೀಕ್ಷೆಯ ಮಾತು ಇದು. ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಈ ಪ್ರಶ್ನೆ ಶುರು. ಮಕ್ಕಳನ್ನು ಬೆಂಗಳೂರಿನಿಂದ ಅಲ್ಲಿಗೆ ಕಳಿಸಲು ಹೊರಟವರೂ ಇದನ್ನೇ ಕೇಳುತ್ತಾರೆ. ಕೇಳಿಸಿಕೊಂಡವರು ಸ್ಕೋರ್ ನೋಡಿ ಉತ್ತರ ಹೇಳಿಬಿಡುತ್ತಾರೆ. ಒಬ್ಬರು ಸಾಕು ಅಂತಾರೆ, ಇನ್ನೊಬ್ಬರು 1500 ದಾಟಲೇಬೇಕು ಅಂತಾರೆ. ಬರೀ ಸ್ಕೋರ್ ನೋಡಿ ಹೀಗೆ ಹೇಳಲು ಬರುವುದಿಲ್ಲ. 1410 ಒಂದು ಕಾಲೇಜಿನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ, ಇನ್ನೊಂದರಲ್ಲಿ ಹತ್ತೇ ಅಂಕ ಕಮ್ಮಿ, ಮತ್ತೊಂದರಲ್ಲಿ ಆ ಸಂಖ್ಯೆಗೆ ಬೆಲೆಯೇ ಇಲ್ಲ.

ನನ್ನ ಮಾತು ಇಷ್ಟೇ: ಸ್ಕೋರ್ ಚೆನ್ನಾಗಿ ಕಾಣಲಿ ಅಂತ ಮತ್ತೆ ಬರೆಸಬೇಡಿ. ಮಗು ನಿಜವಾಗಿಯೂ ಸೇರುವ ಕಾಲೇಜಿನಲ್ಲಿ, ಇಷ್ಟು ಸ್ಕೋರ್ ದಾಟಿದರೆ ದುಡ್ಡು ಅನ್ನುವ ಒಂದು ಗೆರೆ ಇದ್ದರೆ, ಆ ಗೆರೆ ಕೈಗೆಟುಕುವಷ್ಟು ಹತ್ತಿರ ಇದ್ದರೆ, ಆಗ ಬರೆಸಿ. ಆ ಗೆರೆಯನ್ನು ಹುಡುಕುವುದು ಹೇಗೆ, ಎಟುಕುತ್ತದಾ ಇಲ್ಲವಾ ಅಂತ ತಿಳಿಯುವುದು ಹೇಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಹೆಜ್ಜೆ 1: ಕಾಲೇಜುಗಳನ್ನು ಮೂರು ಗುಂಪು ಮಾಡಿ

ಒಂದು ಹಾಳೆ ತೆಗೆದುಕೊಂಡು ಮಗು ಅರ್ಜಿ ಹಾಕಬೇಕೆಂದಿರುವ ಎಲ್ಲ ಕಾಲೇಜುಗಳ ಹೆಸರು ಬರೆಯಿರಿ. ಸುಮ್ನೆ ಹೆಸರಿಗೆ ಸೇರಿಸಿದ್ದನ್ನು ಈಗಲೇ ಹೊಡೆದು ಹಾಕಿ. ಉಳಿದದ್ದನ್ನು ಹೀಗೆ ಬೇರೆ ಮಾಡಿ.

ಮೊದಲನೆಯದು, ಸ್ಕೋರ್ ಎಷ್ಟೇ ಇದ್ದರೂ ಮೆರಿಟ್ ದುಡ್ಡು (ಮನೆಯ ಆದಾಯ ನೋಡದೆ ಮಗುವಿನ ಸಾಧನೆ ನೋಡಿ ಕೊಡುವುದು) ಕೊಡದ ಕಾಲೇಜುಗಳು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕಾರ್ನೆಲ್ ಸೇರಿದಂತೆ ಐವಿ ಲೀಗ್‌ನ ಎಂಟೂ ಯೂನಿವರ್ಸಿಟಿಗಳು ಮೆರಿಟ್ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಎಂಐಟಿಯೂ ಅಷ್ಟೇ. ಅಲ್ಲಿ ಸಿಗುವ ಸಹಾಯವೆಲ್ಲ ಮನೆಯ ಆದಾಯ, ಆಸ್ತಿ ನೋಡಿ ಕೊಡುವುದು. 1530 ಇದ್ದದ್ದನ್ನು 1570 ಮಾಡಿದರೆ ಅಲ್ಲಿ ಒಂದು ಡಾಲರ್ ಕೂಡ ಜಾಸ್ತಿ ಬರುವುದಿಲ್ಲ. ಅಡ್ಮಿಷನ್‌ಗೆ ಅನುಕೂಲ ಆಗಬಹುದಾ ಅನ್ನುವುದು ಬೇರೆ ಪ್ರಶ್ನೆ, ಅದನ್ನು ಇದರ ಜೊತೆ ಬೆರೆಸಬೇಡಿ.

ಇದೇ ಗುಂಪಿಗೆ ಕ್ಯಾಲಿಫೋರ್ನಿಯಾದ ಸರ್ಕಾರಿ ಯೂನಿವರ್ಸಿಟಿಗಳನ್ನೂ ಹಾಕಿ, ಕಾರಣ ಮಾತ್ರ ಬೇರೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ, ಡೇವಿಸ್ ಹೀಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಯಾವ ಕ್ಯಾಂಪಸ್ಸೂ ಎಸ್‌ಎಟಿ ಅಥವಾ ಅದರಂಥದೇ ಇನ್ನೊಂದು ಪರೀಕ್ಷೆಯಾದ ಎಸಿಟಿಯ ಸ್ಕೋರನ್ನು ಅಡ್ಮಿಷನ್‌ಗೂ ನೋಡುವುದಿಲ್ಲ, ಸ್ಕಾಲರ್‌ಶಿಪ್‌ಗೂ ನೋಡುವುದಿಲ್ಲ. ಬೇ ಏರಿಯಾದಲ್ಲಿ ಎಷ್ಟೋ ಮಕ್ಕಳು ಬೇಸಿಗೆಯಿಡೀ ಕೋಚಿಂಗ್‌ಗೆ ಹೋಗುತ್ತಾರೆ. ಅವರ ಪಟ್ಟಿಯಲ್ಲಿ ಇರುವುದೆಲ್ಲ ಈ ಕ್ಯಾಂಪಸ್‌ಗಳೇ ಆಗಿದ್ದರೆ ಆ ಬೇಸಿಗೆ ದಂಡ.

ಎರಡನೆಯದು, ಪಟ್ಟಿ ನೋಡಿ ದುಡ್ಡು ಕೊಡುವ ಕಾಲೇಜುಗಳು. ಇಷ್ಟು ಜಿಪಿಎ (ಶಾಲೆಯ ಗ್ರೇಡುಗಳ ಸರಾಸರಿ), ಇಷ್ಟು ಸ್ಕೋರ್ ಇದ್ದರೆ ವರ್ಷಕ್ಕೆ ಇಷ್ಟು ಡಾಲರ್ ಅಂತ ಇವು ತಮ್ಮ ವೆಬ್‌ಸೈಟಿನಲ್ಲೇ ಹಾಕಿರುತ್ತವೆ. ಅಲಬಾಮಾ ಯೂನಿವರ್ಸಿಟಿ ಇದಕ್ಕೆ ಹೆಸರುವಾಸಿ. ಪಟ್ಟಿ ಹಾಕದೆ ಸ್ಕೋರ್ ನೋಡಿ ಮೆರಿಟ್ ದುಡ್ಡು ಕೊಡುವ ಕಾಲೇಜುಗಳನ್ನೂ ಇದೇ ಗುಂಪಿಗೆ ಹಾಕಿ. ಕೆಲವು ರಾಜ್ಯ ಸರ್ಕಾರಗಳ ಸ್ಕಾಲರ್‌ಶಿಪ್ ಕೂಡ ಇದೇ ಥರ. ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್‌ನಲ್ಲಿ ಮೇಲಿನ ಹಂತಕ್ಕೆ 1330 ಬೇಕು, ಅದರ ಕೆಳಗಿನ ಹಂತಕ್ಕೆ 1210. ಮೇಲಿನದರಲ್ಲಿ ರಾಜ್ಯದ ಸರ್ಕಾರಿ ಕಾಲೇಜಿನ ಫೀ ಪೂರ್ತಿ, ಕೆಳಗಿನದರಲ್ಲಿ ಮುಕ್ಕಾಲು ಭಾಗ. ಮತ್ತೆ ಬರೆಸುವುದಕ್ಕೆ ನಿಜವಾದ ಅರ್ಥ ಇರುವುದು ಈ ಗುಂಪಿನಲ್ಲಿ.

ಮೂರನೆಯದು, ಸ್ಪರ್ಧೆಯ ಮೇಲೆ ಕೊಡುವ ದೊಡ್ಡ ಸ್ಕಾಲರ್‌ಶಿಪ್‌ಗಳು. ವ್ಯಾಂಡರ್‌ಬಿಲ್ಟ್‌ನ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ ಸ್ಕಾಲರ್‌ಶಿಪ್, ನಾರ್ತ್ ಕ್ಯಾರೊಲಿನಾದ ಮೋರ್‌ಹೆಡ್-ಕೇನ್, ವರ್ಜೀನಿಯಾದ ಜೆಫರ್ಸನ್ ಇಂಥವು. ಇಲ್ಲಿ ಪ್ರಬಂಧ, ಇಂಟರ್‌ವ್ಯೂ, ಮಗು ಊರಿಗೆ ಶಾಲೆಗೆ ಏನು ಮಾಡಿದೆ ಅನ್ನುವುದೇ ಮುಖ್ಯ. ಸ್ಕೋರ್ ಒಂದು ಮಟ್ಟಕ್ಕೆ ಬಂದಿದ್ದರೆ ಆಯಿತು, ಆಮೇಲೆ ಇಪ್ಪತ್ತು ಅಂಕ ಜಾಸ್ತಿ ಬಂದರೂ ಆಯ್ಕೆ ಸಮಿತಿಯ ಮನಸ್ಸು ಬದಲಾಗುವುದು ಕಷ್ಟ. ಆ ಹೊತ್ತನ್ನು ಪ್ರಬಂಧಕ್ಕೆ ಕೊಡುವುದು ಮೇಲು.

ಎರಡನೇ ಗುಂಪಿನಲ್ಲಿ ಒಂದೂ ಕಾಲೇಜು ಇಲ್ಲದಿದ್ದರೆ ಸ್ಕಾಲರ್‌ಶಿಪ್‌ಗಾಗಿ ಮತ್ತೆ ಬರೆಸುವ ಮಾತನ್ನು ಇಲ್ಲಿಗೇ ಬಿಡಬಹುದು.

ಹೆಜ್ಜೆ 2: ಗೆರೆ ಎಲ್ಲಿದೆ ಅಂತ ಕಂಡುಹಿಡಿಯಿರಿ

ಪಟ್ಟಿ ಹಾಕಿರುವ ಕಾಲೇಜಾದರೆ ಕೆಲಸ ಸುಲಭ. ಮಗು ಯಾವ ವರ್ಷ ಸೇರುತ್ತದೋ ಆ ವರ್ಷದ ಪಟ್ಟಿಯನ್ನೇ ನೋಡಿ. ಕಟಾಫ್ ಮತ್ತು ಮೊತ್ತ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅಣ್ಣನಿಗೆ ಸಿಕ್ಕಿದ್ದು ತಂಗಿಗೂ ಸಿಗುತ್ತದೆ ಅಂದುಕೊಂಡು ಕೂರಬೇಡಿ.

ಪಟ್ಟಿ ಹಾಕದ ಕಾಲೇಜಾದರೆ ಅದರ ಹೆಸರಿನ ಜೊತೆ "ಕಾಮನ್ ಡೇಟಾ ಸೆಟ್" ಅಂತ ಸೇರಿಸಿ ಹುಡುಕಿ. ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ ಒಂದೇ ನಮೂನೆಯಲ್ಲಿ ತುಂಬಿ ಹಾಕುವ ದಾಖಲೆ ಇದು. ನೋಡಲು ಬೋರು ಹೊಡೆಸುತ್ತದೆ. ಆದರೆ ಎರಡು ಕಡೆ ಕಣ್ಣಾಡಿಸಿದರೆ ಸಾಕು. ಸಿ9 ಅನ್ನುವಲ್ಲಿ ಸೇರಿದ ಮಕ್ಕಳ ಸ್ಕೋರ್ ಇರುತ್ತದೆ: ಕೆಳಗಿನ ಕಾಲು ಭಾಗ ಎಲ್ಲಿಗೆ ಮುಗಿಯುತ್ತದೆ, ಮೇಲಿನ ಕಾಲು ಭಾಗ ಎಲ್ಲಿಂದ ಶುರುವಾಗುತ್ತದೆ ಅಂತ. ಎಚ್2ಎ ಅನ್ನುವಲ್ಲಿ, ಆರ್ಥಿಕವಾಗಿ ಸಹಾಯದ ಅಗತ್ಯ ಇಲ್ಲದಿದ್ದರೂ ಎಷ್ಟು ಮಕ್ಕಳಿಗೆ ಕಾಲೇಜು ದುಡ್ಡು ಕೊಟ್ಟಿದೆ, ಸರಾಸರಿ ಎಷ್ಟು ಕೊಟ್ಟಿದೆ ಅಂತ ಇರುತ್ತದೆ. ಇಬ್ಬರೂ ದುಡಿಯುವ ಮನೆಯವರು ಮೊದಲು ನೋಡಬೇಕಾದ ಸಾಲು ಇದೇ. ಎಚ್2ಎಯಲ್ಲಿ ಬೆರಳೆಣಿಕೆಯ ಮಕ್ಕಳಿದ್ದರೆ ಆ ಕಾಲೇಜಿನಿಂದ ಹೆಚ್ಚು ನಿರೀಕ್ಷೆ ಬೇಡ. ನೂರಾರು ಮಕ್ಕಳಿದ್ದು, ನಿಮ್ಮ ಮಗುವಿನ ಸ್ಕೋರ್ ಮೇಲಿನ ಕಾಲು ಭಾಗದ ಗೆರೆಗೆ ಸ್ವಲ್ಪದರಲ್ಲಿ ತಪ್ಪಿದ್ದರೆ ಆ ಗೆರೆಯನ್ನೇ ಗುರಿ ಇಟ್ಟುಕೊಳ್ಳಿ.

ವೀಸಾ ವಿಷಯವನ್ನೂ ಇಲ್ಲೇ ನೋಡಿಕೊಳ್ಳಬೇಕು. ಕಾಲೇಜು ತನ್ನ ಕೈಯಿಂದ ಕೊಡುವ ಮೆರಿಟ್ ದುಡ್ಡು ಎಷ್ಟೋ ಕಡೆ ಎಚ್-4 ಮಕ್ಕಳಿಗೂ (ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಮಕ್ಕಳು) ಸಿಗುತ್ತದೆ. ಆದರೆ ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್, ಜಾರ್ಜಿಯಾ ರಾಜ್ಯದ ಹೋಪ್ ಮತ್ತು ಜೆಲ್ ಮಿಲ್ಲರ್ ಸ್ಕಾಲರ್‌ಶಿಪ್‌ಗಳು ಎಚ್-4 ಮಕ್ಕಳಿಗೆ ಸಿಗುವುದಿಲ್ಲ. ಗ್ರೀನ್ ಕಾರ್ಡ್‌ಗೆ ವರ್ಷಗಟ್ಟಲೆ ಕಾಯುತ್ತಿರುವ ಮನೆಗಳಿಗೆ ಇದು ನೋವಿನ ಮಾತೇ. ಆದರೆ ಮಗು ಆ ಗೆರೆಯ ಹಿಂದೆ ಓಡುವ ಮೊದಲೇ ಗೊತ್ತಿರಲಿ.

ಪಿಎಸ್‌ಎಟಿ ಬಗ್ಗೆಯೂ ಒಂದು ಮಾತು. ಇದು ಎಸ್‌ಎಟಿಗೆ ಮುಂಚೆ ಬರೆಯುವ ಪರೀಕ್ಷೆ. ನ್ಯಾಷನಲ್ ಮೆರಿಟ್ ಅನ್ನುವ ದೇಶಮಟ್ಟದ ಸ್ಕಾಲರ್‌ಶಿಪ್‌ಗೆ ಲೆಕ್ಕಕ್ಕೆ ಬರುವುದು ಹನ್ನೊಂದನೇ ಕ್ಲಾಸಿನ ಅಕ್ಟೋಬರ್‌ನಲ್ಲಿ ಬರೆಯುವ ಪಿಎಸ್‌ಎಟಿ. ಅದನ್ನು ಮತ್ತೆ ಬರೆಯುವ ಅವಕಾಶ ಇಲ್ಲ. ಎಸ್‌ಎಟಿಯಲ್ಲಿ ಆಮೇಲೆ ಎಷ್ಟೇ ಬಂದರೂ ಅದು ತುಂಬಿಕೊಡುವುದಿಲ್ಲ. ಹಾಗಾಗಿ ಹತ್ತನೇ ಕ್ಲಾಸಿನ ಮಕ್ಕಳಿರುವ ಮನೆಯವರು ಈಗಲೇ ಎಚ್ಚರವಾಗಿರಿ. ಡಲ್ಲಾಸ್ ಸುತ್ತಮುತ್ತ ಇರುವವರಿಗೆ ಗೊತ್ತೇ ಇದೆ, ಟೆಕ್ಸಸ್ ಯೂನಿವರ್ಸಿಟಿಯ ಡಲ್ಲಾಸ್ ಕ್ಯಾಂಪಸ್ ನ್ಯಾಷನಲ್ ಮೆರಿಟ್ ಮಕ್ಕಳಿಗೆ ಎಷ್ಟು ಧಾರಾಳವಾಗಿ ಕೊಡುತ್ತದೆ ಅಂತ.

ಹೆಜ್ಜೆ 3: ಸೂಪರ್‌ಸ್ಕೋರ್ ಒಪ್ಪುತ್ತಾರಾ ಕೇಳಿ

ಜನ ಬಿಟ್ಟುಬಿಡುವ ಹೆಜ್ಜೆ ಇದು, ಲೆಕ್ಕವೆಲ್ಲ ತಲೆಕೆಳಗಾಗುವುದೂ ಇಲ್ಲೇ.

ಎಸ್‌ಎಟಿಯಲ್ಲಿ ಇಂಗ್ಲಿಷ್‌ಗೆ 800, ಗಣಿತಕ್ಕೆ 800. ಮಗು ಮಾರ್ಚ್‌ನಲ್ಲಿ ಬರೆದಾಗ ಇಂಗ್ಲಿಷ್ 680, ಗಣಿತ 740, ಒಟ್ಟು 1420 ಅಂದುಕೊಳ್ಳಿ. ಆಗಸ್ಟ್‌ನಲ್ಲಿ ಇಂಗ್ಲಿಷ್ 730ಕ್ಕೆ ಏರಿತು, ಗಣಿತ 700ಕ್ಕೆ ಇಳಿಯಿತು. ಒಟ್ಟು 1430. ಎಷ್ಟು ಓದಿದರೂ ಹತ್ತೇ ಅಂಕ ಅಂತ ಮನೆಯಲ್ಲಿ ಬೇಜಾರು. ಆದರೆ ಸೂಪರ್‌ಸ್ಕೋರ್ ಒಪ್ಪುವ ಕಾಲೇಜು ಎರಡೂ ಸಲದ ಒಳ್ಳೆಯದನ್ನು ಆರಿಸಿಕೊಳ್ಳುತ್ತದೆ: 730 ಮತ್ತು 740, ಅಂದರೆ 1470. ಅಂಥ ಕಡೆ ಮತ್ತೆ ಬರೆಯುವಾಗ ಒಂದೇ ವಿಷಯದ ಮೇಲೆ ಗಮನ ಇಟ್ಟರೂ ನಡೆಯುತ್ತದೆ.

ಒಂದೇ ಸಲದ ಸ್ಕೋರನ್ನೇ ನೋಡುವ ಕಡೆ ಇದು ನಡೆಯುವುದಿಲ್ಲ. ಅಕ್ಕಪಕ್ಕದ ಎರಡು ರಾಜ್ಯಗಳನ್ನೇ ನೋಡಿ. ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್ ಬೇರೆ ಬೇರೆ ಸಲದ ಅಂಕ ಸೇರಿಸಿಕೊಳ್ಳುತ್ತದೆ. ಜಾರ್ಜಿಯಾದ ಜೆಲ್ ಮಿಲ್ಲರ್‌ಗೆ ಬೇಕಾದ 1200 ಒಂದೇ ದಿನ ಬರೆದ ಪರೀಕ್ಷೆಯಲ್ಲೇ ಬಂದಿರಬೇಕು. ಅಟ್ಲಾಂಟಾದ ಮಗು ಮಾರ್ಚ್‌ನಲ್ಲಿ 560 ಮತ್ತು 620, ಮೇನಲ್ಲಿ 600 ಮತ್ತು 580 ತೆಗೆದರೆ ಎರಡೂ ಸಲ 1180 ಆಯಿತು ಅಷ್ಟೇ. ಅದೇ ಅಂಕಗಳು ಫ್ಲಾರಿಡಾದಲ್ಲಿ 1220 ಆಗಿ ಕೆಳಗಿನ ಹಂತದ ಗೆರೆ ದಾಟಿಬಿಡುತ್ತವೆ.

ಇನ್ನೊಂದು ವಿಷಯ. ಅಡ್ಮಿಷನ್‌ಗೆ ಒಂದು ನಿಯಮ, ಸ್ಕಾಲರ್‌ಶಿಪ್‌ಗೆ ಇನ್ನೊಂದು ಇರಬಹುದು. "ಟೆಸ್ಟ್ ಆಪ್ಷನಲ್" ಅಂದ ಕಾಲೇಜು ಸೀಟನ್ನು ಸ್ಕೋರ್ ಇಲ್ಲದೆ ಕೊಟ್ಟು, ದುಡ್ಡಿಗೆ ಮಾತ್ರ ಸ್ಕೋರ್ ಕೇಳಬಹುದು. ವೆಬ್‌ಸೈಟಿನಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ಅಡ್ಮಿಷನ್ ಆಫೀಸಿಗೆ ಮಗುವೇ ಇಮೇಲ್ ಮಾಡಲಿ. ಕೇಳಬೇಕಾದದ್ದು ನಾಲ್ಕು: ಸ್ಕಾಲರ್‌ಶಿಪ್‌ಗೆ ಸ್ಕೋರ್ ಬೇಕಾ, ಸೂಪರ್‌ಸ್ಕೋರ್ ನಡೆಯುತ್ತದಾ, ಯಾವ ತಿಂಗಳ ಪರೀಕ್ಷೆವರೆಗೆ ಒಪ್ಪುತ್ತೀರಿ, ಅಡ್ಮಿಷನ್ ಸಿಕ್ಕ ಮೇಲೆ ಹೊಸ ಸ್ಕೋರ್ ಕಳಿಸಿದರೆ ಮೊತ್ತ ಬದಲಾಗುತ್ತದಾ.

ಎರಡನೇ ಸಲ ಕಮ್ಮಿ ಬಂದರೆ ಮೊದಲನೆಯದೂ ಹಾಳಾಗುತ್ತದಾ ಅಂತ ಹೆದರುವವರಿದ್ದಾರೆ. ಬಹುಪಾಲು ಕಾಲೇಜುಗಳಿಗೆ ಯಾವ ಸ್ಕೋರ್ ಕಳಿಸಬೇಕು ಅಂತ ನೀವೇ ಆರಿಸಬಹುದು. ಜಾರ್ಜ್‌ಟೌನ್‌ನಂಥ ಕೆಲವರು ಮಾತ್ರ ಬರೆದದ್ದೆಲ್ಲವನ್ನೂ ಕಳಿಸಿ ಅನ್ನುತ್ತಾರೆ.

ಹೆಜ್ಜೆ 4: ದುಡ್ಡಿನ ಲೆಕ್ಕ

ಒಂದು ಕಾಲೇಜಿನ ಪಟ್ಟಿ ಹೀಗಿದೆ ಅಂದುಕೊಳ್ಳಿ: 1360ರಿಂದ 1410ರವರೆಗೆ ವರ್ಷಕ್ಕೆ 10,000 ಡಾಲರ್, 1420 ಮತ್ತು ಮೇಲೆ 14,000. ಮಗುವಿನ ಸ್ಕೋರ್ 1410. ಹತ್ತು ಅಂಕಕ್ಕೆ ವರ್ಷಕ್ಕೆ 4,000, ನಾಲ್ಕು ವರ್ಷಕ್ಕೆ 16,000 ಡಾಲರ್. ಪರೀಕ್ಷೆಯ ಫೀ ನೂರು ಡಾಲರ್ ಒಳಗೆ. ಈ ಮಗು ಮತ್ತೆ ಬರೆಯಲೇಬೇಕು, ಇದರಲ್ಲಿ ಯೋಚಿಸುವುದೇನೂ ಇಲ್ಲ. ಅದೇ ಪಟ್ಟಿಯಲ್ಲಿ ಮಗುವಿನ ಸ್ಕೋರ್ 1440 ಆಗಿದ್ದರೆ ಮೇಲೆ ಬೇರೆ ಗೆರೆಯೇ ಇಲ್ಲ. 1500 ತೆಗೆದರೂ 14,000ವೇ.

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಹೊರ ರಾಜ್ಯದ ಕಾಲೇಜು ವರ್ಷಕ್ಕೆ 52,000, ಸ್ಕಾಲರ್‌ಶಿಪ್ 20,000 ಅಂದರೆ ಕೈಯಿಂದ 32,000. ನಿಮ್ಮದೇ ರಾಜ್ಯದ ಯೂನಿವರ್ಸಿಟಿ ಯಾವ ಸ್ಕಾಲರ್‌ಶಿಪ್ಪೂ ಇಲ್ಲದೆ 29,000 ಆಗುತ್ತಿದ್ದರೆ? ಸ್ಕಾಲರ್‌ಶಿಪ್ ಸಿಕ್ಕಿತು ಅನ್ನುವ ಖುಷಿಗೆ ಮೂರು ಸಾವಿರ ಜಾಸ್ತಿ ಕಟ್ಟಿದ ಹಾಗಾಯಿತು. ಯಾವಾಗಲೂ ಕೊನೆಗೆ ಕೈಯಿಂದ ಹೋಗುವುದನ್ನೇ ಹೋಲಿಸಿ, ಬರುವುದನ್ನಲ್ಲ. ಸರ್ಕಾರದ ಸಹಾಯಧನ ಪಡೆಯುವ ಪ್ರತಿ ಕಾಲೇಜೂ ತನ್ನ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ಕೈಯಿಂದ ಎಷ್ಟು ಹೋಗುತ್ತದೆ ಅಂತ ಅಂದಾಜು ಹೇಳುವುದು) ಇಡಲೇಬೇಕು ಅನ್ನುವ ನಿಯಮ 2011ರಿಂದ ಇದೆ. ಕೆಲವದರಲ್ಲಿ ಜಿಪಿಎ, ಸ್ಕೋರ್ ಕೂಡ ಕೇಳುತ್ತದೆ. ಅಂಥದ್ದು ಸಿಕ್ಕರೆ ಮೊದಲು ಈಗಿನ ಸ್ಕೋರ್ ಹಾಕಿ, ಆಮೇಲೆ ಐವತ್ತು ಅಂಕ ಜಾಸ್ತಿ ಹಾಕಿ ನೋಡಿ. ಎರಡು ಮೊತ್ತಗಳ ವ್ಯತ್ಯಾಸ ಕಣ್ಣೆದುರೇ ಬರುತ್ತದೆ.

ಸಣ್ಣ ಸ್ಕಾಲರ್‌ಶಿಪ್ ದೊಡ್ಡ ಬಾಗಿಲು ತೆರೆಯುವುದೂ ಉಂಟು. ಟೆಕ್ಸಸ್ ಕಾನೂನಿನಲ್ಲಿ, ಹೊರ ರಾಜ್ಯದ ವಿದ್ಯಾರ್ಥಿಗೆ ಸರ್ಕಾರಿ ಯೂನಿವರ್ಸಿಟಿ ಸ್ಪರ್ಧೆಯ ಮೇಲೆ ಕನಿಷ್ಠ 1,000 ಡಾಲರ್ ಸ್ಕಾಲರ್‌ಶಿಪ್ ಕೊಟ್ಟರೆ, ರಾಜ್ಯದವರು ಕಟ್ಟುವ ಫೀ ದರವನ್ನೇ ಅವರಿಗೂ ಹಾಕಬಹುದು. ಇದಕ್ಕೆ ಮಿತಿ ಇದೆ, ಎಲ್ಲರಿಗೂ ಸಿಗುವುದಿಲ್ಲ. ಆದರೆ ಸಿಕ್ಕಿದರೆ ಉಳಿಯುವುದು ಬರೀ ಸಾವಿರ ಅಲ್ಲ.

ನಾಲ್ಕು ವರ್ಷದಿಂದ ಗುಣಿಸುವ ಮೊದಲು ನವೀಕರಣದ ಷರತ್ತು ಓದಿ. ಪ್ರತಿ ವರ್ಷ 3.0 ಜಿಪಿಎ ಉಳಿಸಿಕೊಳ್ಳಬೇಕು ಅನ್ನುವುದು ಸಾಮಾನ್ಯ, ಕೆಲವು ಕಡೆ ಅದಕ್ಕಿಂತ ಜಾಸ್ತಿ. ಎಂಜಿನಿಯರಿಂಗ್ ಮೊದಲ ವರ್ಷದ ಕ್ಯಾಲ್ಕುಲಸ್, ಫಿಸಿಕ್ಸ್ ದಾಟುವಾಗ ಇದು ಹಗುರದ ಮಾತಲ್ಲ.

ಹೆಜ್ಜೆ 5: ಗೆರೆ ಎಟುಕುತ್ತದಾ?

ಗೆರೆ ಹತ್ತಿಪ್ಪತ್ತು ಅಂಕ ದೂರ ಇದ್ದರೆ ಹೆಚ್ಚು ಯೋಚಿಸಬೇಡಿ. ಅದೇ ಮಗು ಏನೂ ಓದದೆ ಇನ್ನೊಂದು ದಿನ ಬರೆದರೂ 30-40 ಅಂಕ ಆಚೀಚೆ ಆಗುವುದು ಮಾಮೂಲಿ. ಸ್ವಲ್ಪ ಅಭ್ಯಾಸ ಸೇರಿದರೆ ಸಾಧ್ಯತೆ ಇನ್ನೂ ಜಾಸ್ತಿ.

50ರಿಂದ 100 ಅಂಕ ದೂರ ಇದ್ದರೆ ಮೊದಲು ತಪ್ಪುಗಳನ್ನು ನೋಡಬೇಕು. ಎಸ್‌ಎಟಿ ಈಗ ಪೂರ್ತಿ ಕಂಪ್ಯೂಟರಿನಲ್ಲಿ, ಬ್ಲೂಬುಕ್ ಆ್ಯಪ್‌ನಲ್ಲಿ ನಡೆಯುತ್ತದೆ. 98 ಪ್ರಶ್ನೆ, 2 ಗಂಟೆ 14 ನಿಮಿಷ. ಇಂಗ್ಲಿಷ್ ಮತ್ತು ಗಣಿತ ಎರಡರಲ್ಲೂ ಎರಡೆರಡು ಮಾಡ್ಯೂಲ್. ಮೊದಲನೇ ಮಾಡ್ಯೂಲ್ ಹೇಗೆ ಮಾಡಿದಿರಿ ಅನ್ನುವುದರ ಮೇಲೆ ಎರಡನೆಯದು ಕಷ್ಟದ್ದೋ ಸುಲಭದ್ದೋ ಬರುತ್ತದೆ. ಸುಲಭದ್ದು ಬಂದರೆ ಮೇಲಿನ ಸ್ಕೋರ್ ಕೈ ತಪ್ಪಿದ ಹಾಗೆ. ಹಾಗಾಗಿ ಮೊದಲ ಮಾಡ್ಯೂಲ್‌ನಲ್ಲಿ ಅವಸರದಿಂದ ಮಾಡಿದ ತಪ್ಪು ತುಂಬ ದುಬಾರಿ.

ರಿಸಲ್ಟ್‌ನಲ್ಲಿ ನಿಮ್ಮ ಪ್ರಶ್ನೆಗಳನ್ನು ತೋರಿಸುವುದಿಲ್ಲ, ಎಂಟು ವಿಭಾಗಗಳಲ್ಲಿ ಎಲ್ಲಿ ಗಟ್ಟಿ, ಎಲ್ಲಿ ಹಿಂದೆ ಅಂತ ತೋರಿಸುತ್ತಾರೆ ಅಷ್ಟೇ. ನಿಜ ತಿಳಿಯಬೇಕಾದರೆ ಬ್ಲೂಬುಕ್‌ನಲ್ಲೇ ಇರುವ ಉಚಿತ ಅಭ್ಯಾಸ ಪರೀಕ್ಷೆಯನ್ನು ಶನಿವಾರ ಬೆಳಗ್ಗೆ, ಫೋನ್ ಬೇರೆ ಕೋಣೆಯಲ್ಲಿಟ್ಟು, ಪೂರ್ತಿ ಬರೆಯಬೇಕು. ಆಮೇಲೆ ಮಗುವೇ ಕೂತು ಪ್ರತಿ ತಪ್ಪಿನ ಮುಂದೆ ಒಂದು ಕಾರಣ ಬರೆಯಲಿ: ಪಾಠವೇ ಬರುವುದಿಲ್ಲ, ಬರುತ್ತದೆ ಆದರೆ ಪ್ರಶ್ನೆ ಸರಿಯಾಗಿ ಓದಲಿಲ್ಲ, ಹೊತ್ತು ಸಾಲಲಿಲ್ಲ. ಪ್ರಶ್ನೆ ಕೇಳಿದ್ದು 2x, ಮಗು x ಕಂಡುಹಿಡಿದು ಅದನ್ನೇ ಉತ್ತರ ಅಂತ ಒತ್ತಿದೆ. ಅಲ್ಪವಿರಾಮ ಬರಬೇಕಾದಲ್ಲಿ ಅರ್ಧವಿರಾಮ ಹಾಕಿದೆ. ಇಂಥವೇ ಜಾಸ್ತಿ ಇದ್ದರೆ ನಾಲ್ಕಾರು ವಾರದಲ್ಲಿ ಸರಿಮಾಡಬಹುದು. ಗಣಿತಕ್ಕೆ ಪರೀಕ್ಷೆಯೊಳಗೇ ಇರುವ ಡೆಸ್ಮೋಸ್ ಗ್ರಾಫ್ ಕ್ಯಾಲ್ಕುಲೇಟರ್ ಚೆನ್ನಾಗಿ ಬಳಸಲು ಕಲಿತರೂ ಕೆಲವು ಪ್ರಶ್ನೆಗಳು ಕೈಗೆ ಬರುತ್ತವೆ. ತಪ್ಪೆಲ್ಲ ಉದ್ದದ, ಬಿಗಿಯಾದ ವಾಕ್ಯವೃಂದ ಅರ್ಥವಾಗದ್ದರಿಂದಲೇ ಆಗಿದ್ದರೆ ಅದು ಒಂದು ಬೇಸಿಗೆಯಲ್ಲಿ ಹೋಗುವುದು ಕಷ್ಟ. ಅದು ಓದುವ ಅಭ್ಯಾಸದಿಂದ ಬರುವಂಥದ್ದು.

ನಾನು ಇಟ್ಟುಕೊಂಡಿರುವ ನಿಯಮ ಇದು: ಕೊನೆಯ ಎರಡು ಪೂರ್ತಿ ಅಭ್ಯಾಸ ಪರೀಕ್ಷೆಗಳು ಗೆರೆಯ ಮೇಲೆ ಬಂದಿದ್ದರೆ ಬರೆಯಲಿ. ಒಂದೂ ಬಂದಿಲ್ಲದಿದ್ದರೆ ಫೀ ಕಟ್ಟಿ ಅದೃಷ್ಟ ನೋಡುವುದು ಬೇಡ. ಅಭ್ಯಾಸಕ್ಕೆ ಖಾನ್ ಅಕಾಡೆಮಿಯೂ ಉಚಿತವಾಗಿ ಇದೆ. ಸಾವಿರಾರು ಡಾಲರ್‌ನ ಕೋಚಿಂಗ್‌ಗೆ ಸೇರಿಸುವ ಮೊದಲು ಇವೆರಡನ್ನೂ ಮುಗಿಸಲಿ.

ಎಸಿಟಿಗೆ ಹೋಗಬೇಕಾ?

ಕೆಲವು ಮಕ್ಕಳಿಗೆ ಇದು ಒಳ್ಳೆಯ ದಾರಿ. ಎಸಿಟಿ 36ಕ್ಕೆ. 2025ರಲ್ಲಿ ಅದನ್ನು ಚಿಕ್ಕದು ಮಾಡಿದ್ದಾರೆ. ಇಂಗ್ಲಿಷ್, ಗಣಿತ, ರೀಡಿಂಗ್ ಮೂರರ ಸರಾಸರಿಯೇ ಒಟ್ಟು ಸ್ಕೋರ್, ಸೈನ್ಸ್ ಬೇಕಾದವರಿಗೆ. ಸೈನ್ಸ್ ಬೇಕೇ ಬೇಕು ಅನ್ನುವ ಕಾಲೇಜು ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ. ಈ ಸರಾಸರಿಯಲ್ಲಿ ಒಂದು ಲಾಭ ಇದೆ. ಇಂಗ್ಲಿಷ್ 32, ಗಣಿತ 34, ರೀಡಿಂಗ್ 28 ಬಂದರೆ ಸರಾಸರಿ 31.33, ಅದು 31 ಆಗುತ್ತದೆ. ರೀಡಿಂಗ್ ಒಂದೇ ಒಂದು ಅಂಕ ಏರಿ 29 ಆದರೆ 31.67, ಅದು 32. ಕಟಾಫ್ 32 ಇರುವ ಕಾಲೇಜಿನಲ್ಲಿ ಆ ಒಂದು ಅಂಕವೇ ಸಾವಿರಾರು ಡಾಲರ್. ಈಗಾಗಲೇ ಎಸಿಟಿ ಬರೆದಿರುವ ಮಗುವಿನ ದಶಾಂಶ ಲೆಕ್ಕ ಹಾಕಿ ನೋಡದೆ ನಿರ್ಧಾರ ಮಾಡಬೇಡಿ.

ಹೆಜ್ಜೆ 6: ಕ್ಯಾಲೆಂಡರ್

ಎಸ್‌ಎಟಿ ಮಾರ್ಚ್, ಮೇ, ಜೂನ್, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್‌ಗಳಲ್ಲಿ ನಡೆಯುತ್ತದೆ. ಹನ್ನೊಂದನೇ ಕ್ಲಾಸಿನ ಮಾರ್ಚ್‌ನಲ್ಲಿ ಮೊದಲ ಸಲ, ಆಗಸ್ಟ್‌ನಲ್ಲಿ ಎರಡನೇ ಸಲ ಅನ್ನುವುದು ನನಗೆ ಸರಿ ಅನ್ನಿಸುವ ಕ್ರಮ. ಮೇ ಮೊದಲೆರಡು ವಾರ ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ) ಪರೀಕ್ಷೆಗಳು, ಆಗ ಬೇಡ. ಆಗಸ್ಟ್ ಪರೀಕ್ಷೆಗೆ ಬೇಸಿಗೆ ರಜೆಯಲ್ಲಿ ಓದಬಹುದು, ಸ್ಕೋರ್ ಸೆಪ್ಟೆಂಬರ್‌ಗೆ ಕೈಗೆ ಬರುತ್ತದೆ, ಅರ್ಲಿ ಆ್ಯಕ್ಷನ್, ಅಂದರೆ ಮುಂಚಿತವಾಗಿ ಹಾಕುವ ಅರ್ಜಿಗೆ ಸಾಮಾನ್ಯವಾಗಿ ಕೊನೆಯ ದಿನವಾದ ನವೆಂಬರ್ 1ಕ್ಕೆ ಸಾಕಷ್ಟು ಸಮಯ ಉಳಿಯುತ್ತದೆ. ಎಷ್ಟೋ ಕಾಲೇಜುಗಳಲ್ಲಿ ಮೆರಿಟ್‌ಗೆ ಪರಿಗಣಿಸಬೇಕಾದರೆ ಅರ್ಲಿ ಆ್ಯಕ್ಷನ್‌ನಲ್ಲೇ ಹಾಕಿರಬೇಕು. ಸೀಟು ಬೇಗ ತುಂಬುವ ಊರಾದರೆ ನೋಂದಣಿ ತೆರೆದ ಕೂಡಲೇ ಮಾಡಿಸಿ.

ಅಕ್ಟೋಬರ್‌ನಲ್ಲಿ ಮೂರನೇ ಸಲ ಬರೆಸುವ ಮುಂಚೆ ಯೋಚಿಸಿ. ಆ ತಿಂಗಳಲ್ಲಿ ಪ್ರಬಂಧ, ಶಿಫಾರಸು ಪತ್ರ, ಹನ್ನೆರಡನೇ ಕ್ಲಾಸಿನ ಮಾರ್ಕ್ಸು ಎಲ್ಲ ಒಟ್ಟಿಗೆ ತಲೆ ಮೇಲೆ ಇರುತ್ತವೆ. ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ಜಿಪಿಎಗೂ ಒಂದು ಕಟಾಫ್ ಇರುತ್ತದೆ. ಸ್ಕೋರ್ ಏರಿಸಲು ಹೋಗಿ ಜಿಪಿಎ ಗೆರೆಯ ಕೆಳಗೆ ಇಳಿದರೆ ಎರಡೂ ಹೋದವು.

ಕರ್ನಾಟಕದಲ್ಲಿ ಪಿಯುಸಿ ಓದುತ್ತಿರುವವರಿಗೆ ಮಾರ್ಚ್ ಮತ್ತು ಮೇ ಎರಡೂ ಕಷ್ಟ. ಒಂದರಲ್ಲಿ ಪಿಯು ಪರೀಕ್ಷೆಯ ಗಡಿಬಿಡಿ, ಇನ್ನೊಂದಕ್ಕೆ ಓದಬೇಕಾದ ಹೊತ್ತಿನಲ್ಲಿ ಸಿಇಟಿ. ಮೊದಲ ಪಿಯು ಮುಗಿದ ಮೇಲೆ ಜೂನ್‌ನಲ್ಲಿ ಒಂದು ಸಲ, ಬೇಕಾದರೆ ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಇಟ್ಟುಕೊಳ್ಳಿ. ಅಮೆರಿಕದ ಹೊರಗೆ ಬರೆಯುವವರಿಗೆ ಫೀ ಜಾಸ್ತಿ, ಅದೂ ಲೆಕ್ಕದಲ್ಲಿರಲಿ.

ಹೆಜ್ಜೆ 7: ಮಗುವನ್ನು ಕೂರಿಸಿಕೊಂಡು ಮಾತಾಡಿ

ಹಾಳೆಯನ್ನು ಅವರ ಮುಂದಿಡಿ. "ನಿನ್ನ ಸ್ಕೋರ್ ಸಾಲದು" ಅನ್ನುವುದು ಬೇರೆ, "ಈ ಕಾಲೇಜಿಗೆ ನೀನು ಹೋಗುವೆಯಾದರೆ ಮೂವತ್ತು ಅಂಕಕ್ಕೆ ವರ್ಷಕ್ಕೆ ಇಷ್ಟು ದುಡ್ಡು ಉಳಿಯುತ್ತದೆ ಕಣೋ, ನೋಡು" ಅನ್ನುವುದು ಬೇರೆ. ಹದಿನೇಳರ ಮಕ್ಕಳಿಗೆ ಲೆಕ್ಕ ಅರ್ಥವಾಗುತ್ತದೆ. ಪಕ್ಕದ ಮನೆಯವರ ಮಗನ 1560 ಈ ಮಾತಿನಲ್ಲಿ ಬರಲೇಬಾರದು. ಮಗುವಿಗೆ ಆ ಕಾಲೇಜು ಬೇಡವೇ ಬೇಡ ಅಂದರೆ ಆ ಗೆರೆಯೂ ಹಾಳೆಯಿಂದ ಹೋಗಲಿ. ಬೇಕು ಅಂದರೆ ಓದುವ ದಿನಗಳನ್ನು ಅವರೇ ಗುರುತು ಹಾಕಲಿ. ತಾವೇ ಒಪ್ಪಿಕೊಂಡ ಆರು ವಾರ, ನೀವು ಹೇರಿದ ಆರು ತಿಂಗಳಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಅಡ್ಮಿಷನ್ ಪತ್ರ ಬಂದ ಮೇಲೆ

ಸ್ಕಾಲರ್‌ಶಿಪ್ ಮೊತ್ತ ನೋಡಿ, ಒಂದು ಗೆರೆಯ ಕೆಳಗೆ ನಿಂತಿದ್ದೇವೆ ಅಂತ ಆಗ ಗೊತ್ತಾದರೂ ಕೈಬಿಡಬೇಡಿ. ಡಿಸೆಂಬರ್ ಸ್ಕೋರ್ ಹೆಚ್ಚಿದ್ದರೆ ಕಳಿಸಿ ಮರುಪರಿಶೀಲನೆ ಕೇಳಬಹುದು. ಕೆಲವು ಕಾಲೇಜುಗಳು ವಸಂತದ ಒಂದು ತಾರೀಖಿನವರೆಗೆ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಪತ್ರದಲ್ಲಿ ಹೊಸ ಸ್ಕೋರ್, ಪಟ್ಟಿಯಲ್ಲಿ ಅದು ಸೇರುವ ಹಂತ, ಈ ಕಾಲೇಜಿಗೇ ಬರಬೇಕೆಂದಿದ್ದೇನೆ ಅನ್ನುವ ಒಂದು ಸಾಲು, ಇಷ್ಟಿದ್ದರೆ ಸಾಕು. ಉತ್ತರ ಇಮೇಲ್‌ನಲ್ಲೇ ಬರಲಿ, ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಬಹುಪಾಲು ಕಾಲೇಜುಗಳಲ್ಲಿ ಸೀಟು ಖಚಿತ ಮಾಡುವ ಕೊನೆಯ ದಿನ ಮೇ 1. ಅದಕ್ಕೆ ಮೂರು ವಾರ ಮುಂಚೆಯೇ ಈ ಪತ್ರ ಹೋಗಿರಬೇಕು.